ಇಕಾಮಾ ಇಲ್ಲದ ಅಜ್ಜ

ಸತ್ತವರು ಸುಮ್ಮನಿರುತ್ತಾರೆ ಎಂಬುದು ಪುರಂದರನ ಗಟ್ಟಿ ಅಭಿಪ್ರಾಯ. ದೈವಗಳಿಗೆ ಅವನು ಕೈಮುಗಿಯುತ್ತಿದ್ದ, ಅದು ಬೇರೆ ಲೆಕ್ಕ. ಆದರೆ ಸತ್ತ ಹಿರಿಯರು ಕುಲೆಗಳಾಗಿ ಮನೆಯ ಸುತ್ತಮುತ್ತ ಇರುತ್ತಾರೆ, ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚಿದರೆ ಬಂದು ಉಂಡು ಹೋಗುತ್ತಾರೆ ಎಂದು ತುಳುನಾಡಿನ ಮಂದಿ ನಂಬುವುದನ್ನು ಕಂಡರೆ ಅವನಿಗೆ ನಗು. "ವಿಮಾನ ಹತ್ಲಿಕ್ಕೆ ನಮಗೇ ವೀಸಾ ಬೇಕು, ಕುಲೆಗಳು ಎಲ್ಲಿಂದ ಬರ್ತವೆ ಮಾರಾಯ" ಎಂದು ಕುವೈತಿನ ಫಿಂಟಾಸಿನಲ್ಲಿ ಊಟದ ಕೂಟಗಳಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೆಂಡತಿ ಆಶಾಲತಾಳಿಗೆ ಕುವೈತಿನ ಮನೆಯಲ್ಲಿ ಒಂದು ಆಟಿಗೂ ಬಡಿಸಲು ಬಿಟ್ಟಿರಲಿಲ್ಲ. ಇಂಥ ಮನುಷ್ಯ ಒಂದು ಶುಕ್ರವಾರ ಮಧ್ಯಾಹ್ನ, ನನ್ನ ಮನೆಯಲ್ಲಿರುವುದು ಕುಲೆಯೇ ಆಗಿರಲಿ ದೇವರೇ ಎಂದು ಒಳಗೊಳಗೇ ಅಂಗಲಾಚಿದ. ಅದು ಹೇಗಾಯಿತು ಎಂದು ಹೇಳಬೇಕಾದರೆ ಕಾರಿನಿಂದ ಶುರುಮಾಡಬೇಕು.

ಪುರಂದರ ಹೋಟೆಲುಗಳಿಗೆ ಅಡುಗೆ ಸಾಮಾನು ಒದಗಿಸುವ ಒಂದು ಕಂಪನಿಯ ಗೋಡೌನ್ ನೋಡಿಕೊಳ್ಳುವವನು. ಯಾವ ಡಬ್ಬಿ ಯಾವ ಮೂಲೆಯಲ್ಲಿದೆ ಎಂಬುದು ಕಂಪ್ಯೂಟರಿಗಿಂತ ಮೊದಲು ಅವನ ನಾಲಿಗೆಗೆ ಬರುತ್ತಿತ್ತು. "ಅದನ್ನೆಲ್ಲ ಹುಡುಕಬೇಡಿ, ಪುರಂದರನನ್ನು ಕೇಳಿ" ಎಂದು ಕಂಪನಿಯ ಮುದೀರ್, ಅಂದರೆ ಮ್ಯಾನೇಜರ್, ಹೇಳುತ್ತಿದ್ದ ಮಾತನ್ನು ಅವನು ಪದಕದ ಹಾಗೆ ಎದೆಯ ಮೇಲೆ ಧರಿಸಿಕೊಂಡಿದ್ದ. ಆ ಪುರಂದರನ ಕಾರು ಸಾಲ್ಮಿಯಾದ ಒಂದು ಮಾಲಿನ ಪಾರ್ಕಿಂಗಿನಿಂದ ಕಳುವಾಯಿತು. ಪೊಲೀಸ್ ಠಾಣೆಗೆ ಹೋಗಿ ದೊಡ್ಡ ದನಿಯಲ್ಲಿ ದೂರು ಕೊಟ್ಟ. ಠಾಣೆಯವರು ಚಹಾ ಕೊಟ್ಟು ಕೂರಿಸಿ ನಾಲ್ಕು ಕಡೆ ಫೋನ್ ಮಾಡಿದರು. ಕಾರು ಸಿಕ್ಕಿತು. ಅದು ಫಿಂಟಾಸಿನಲ್ಲಿ ಅವನದೇ ಕಟ್ಟಡದ ಕೆಳಗೆ, ಗಾಜಿಗೆ ಬಿಸಿಲಿನ ಪರದೆ ಹಾಕಿಕೊಂಡು ನೆಮ್ಮದಿಯಾಗಿ ನಿಂತಿತ್ತು. ಅವನು ಸಾಲ್ಮಿಯಾಕ್ಕೆ ಬಂದದ್ದು ಹೆಂಡತಿಯ ತಮ್ಮ ಸುಕೇಶನ ಕಾರಿನಲ್ಲಿ. "ಹಜ್ಜಿ, ಖಲಾಸ್, ಮನೆಗೆ ಹೋಗಿ ಮಲಗಿ" ಎಂದು ಅಧಿಕಾರಿ, ಮುದುಕರನ್ನು ಕರೆಯುವ ಹಾಗೆ, ಬಹಳ ಮರ್ಯಾದೆಯಿಂದ ಹೇಳಿದ. ಮರ್ಯಾದೆಯಿಂದ ಹೇಳಿದ್ದೇ ಪುರಂದರನಿಗೆ ಹೆಚ್ಚು ನೋವಾಯಿತು.

ಯಾರಿಗೂ ಹೇಳದೆ ಜಾಬ್ರಿಯಾದ ಒಂದು ಕ್ಲಿನಿಕ್ಕಿಗೆ ಹೋದ. ಮೈಸೂರು ಕಡೆಯ ಡಾಕ್ಟರಮ್ಮ ಕೆಲವು ಪದಗಳನ್ನು ಹೇಳಿ, ಬೇರೆ ಮಾತಾಡಿ, ಆಮೇಲೆ ಆ ಪದಗಳನ್ನು ಕೇಳಿದರು. ಅವನಿಗೆ ನೆನಪಿದ್ದದ್ದು ಡಾಕ್ಟರಮ್ಮನ ಸೀರೆಯ ಬಣ್ಣ ಮಾತ್ರ.

"ಗಾಬರಿ ಆಗ್ಬೇಡಿ ಸಾರ್. ಇದು ಬರೀ ವಯಸ್ಸಿನದ್ದೂ ಇರಬಹುದು, ಶುರುವಾಗ್ತಾ ಇರೋದೂ ಇರಬಹುದು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಅಲ್ಲಿವರೆಗೆ ಹೊಸದೇನಾದ್ರೂ ಕಲೀರಿ. ಗೊತ್ತಿರೋದನ್ನೇ ಮಾಡ್ತಾ ಕೂತ್ರೆ ಮೆದುಳಿಗೆ ಕೆಲಸವೇ ಇರಲ್ಲ. ಕಲಿಯೋವಾಗ ಕಷ್ಟ ಅನ್ನಿಸ್ಬೇಕು, ಆಗಲೇ ಪ್ರಯೋಜನ."

ಮನೆಗೆ ಬಂದು ಹೆಂಡತಿಗೆ "ವಿಟಮಿನ್ ಕಮ್ಮಿಯಂತೆ" ಎಂದ. ನಿಜವಾಗಿ ಅವನಿಗೆ ನೆನಪಾದದ್ದು ಅಪ್ಪ. ಅವನ ತಂದೆ ಐತಪ್ಪನವರು ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕೊನೆಗಾಲದಲ್ಲಿ ಅವರಿಗೆ ಒಂದೊಂದೇ ಮರೆತುಹೋಗುತ್ತ ಬಂತು. ಒಂದು ರಜೆಯಲ್ಲಿ ಪುರಂದರ ಸೂಟ್‌ಕೇಸ್ ಹಿಡಿದು ಅಂಗಳಕ್ಕೆ ಬಂದರೆ, ಅಪ್ಪ ಕುರ್ಚಿಯಿಂದ ಎದ್ದು ನಿಂತು ಅಪರಿಚಿತರಿಗೆ ಕೊಡುವ ಗೌರವ ಕೊಟ್ಟು, "ತಾವು ಯಾರು? ಯಾವ ಮನೆಯವರು?" ಎಂದು ಕೇಳಿದ್ದರು. ಆ ರಜೆಯಿಡೀ ಅವನು ಹುಟ್ಟಿದ ಮನೆಯಲ್ಲಿ ನೆಂಟನ ಹಾಗೆ ಇದ್ದು ಬಂದಿದ್ದ. ತಾನೂ ಒಂದು ದಿನ ಆಶಾಲತಾಳ ಮುಖ ನೋಡಿ ಅದನ್ನೇ ಕೇಳಿಬಿಟ್ಟರೆ ಎಂಬುದು ಅವನ ಭಯ. ಬೇರೆ ಯಾವುದಕ್ಕೂ ಅವನು ಅಷ್ಟು ಹೆದರಿದವನಲ್ಲ.

ಹೀಗೆ ಪುರಂದರನ ವಿದ್ಯಾಭ್ಯಾಸ ಶುರುವಾಯಿತು. ಮೊದಲು ಅರಬ್ಬಿ ಅಕ್ಷರ ಕಲಿಯಲು ಹೋದ, ಬಲದಿಂದ ಎಡಕ್ಕೆ ಬರೆಯುತ್ತ ಬಂದಂತೆಲ್ಲ ಕೈಯೇ ಶಾಯಿ ಒರೆಸಿಕೊಂಡು ಬಂತು. ಈಜು ಕಲಿಯಲು ಫಿಂಟಾಸಿನ ಸಮುದ್ರಕ್ಕೆ ಇಳಿದ, ಮೊಣಕಾಲು ನೀರಿನಲ್ಲಿ ಕೂಗಿಕೊಂಡ ಅವನನ್ನು ಮೀನು ಹಿಡಿಯುತ್ತಿದ್ದವರು ಎತ್ತಿ ನಿಲ್ಲಿಸಿದರು. ಕೊನೆಗೆ ಫೋನಿನ ಒಂದು ವಿಡಿಯೋದಲ್ಲಿ ಒಬ್ಬ ಮುದುಕ ಕಾಣಿಸಿದ. ತೊಡೆಯ ಮೇಲೆ ಗೊಂಬೆ ಕೂರಿಸಿಕೊಂಡು, ತಾನು ತುಟಿ ಅಲ್ಲಾಡಿಸದೆ ಗೊಂಬೆಯಿಂದ ಮಾತನಾಡಿಸುತ್ತಿದ್ದ. ಆ ವಿದ್ಯೆ ಪುರಂದರನಿಗೆ ಬಹಳ ಹಿಡಿಸಿತು. ಯಾಕೆಂದರೆ ಅದನ್ನು ಕಲಿಯುತ್ತಿರುವವನೂ ಕಲಿಯದೆ ಸುಮ್ಮನೆ ಕುಳಿತವನೂ ನೋಡುವವರಿಗೆ ಒಂದೇ ರೀತಿ ಕಾಣುತ್ತಾರೆ. ಸೋತರೆ ನಗುವವರು ಯಾರೂ ಇಲ್ಲ.

ಬಾತ್‌ರೂಮಿನ ಬಾಗಿಲು ಹಾಕಿ, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಮೊದಮೊದಲು ಗಂಟಲು ಹಿಸುಕಿದ ಕೋಳಿಯ ಹಾಗೆ ಏನೋ ಬಂತು. "ನಿಮ್ಮ ದನಿ ಬೇಡ, ನಿಮಗೆ ಚೆನ್ನಾಗಿ ಗೊತ್ತಿರುವ ಬೇರೆ ಯಾರದಾದರೂ ದನಿ ಹಿಡಿಯಿರಿ" ಎಂದು ಫೋನಿನ ಮುದುಕ ಹೇಳಿದ. ಪುರಂದರ ಕಣ್ಣು ಮುಚ್ಚಿ ಹೊಟ್ಟೆಯಿಂದ ಉಸಿರು ತೆಗೆದ. ಆಗ ಮೇಲೆ ಗೋಡೆಯ ಎಕ್ಸಾಸ್ಟ್ ಫ್ಯಾನಿನ ಸಂದಿಯಿಂದ, ಹಲ್ಲಿಲ್ಲದ ಬಾಯಿಯ ಒಂದು ಒಣ ದನಿ ಕೇಳಿಸಿತು.

"ಫ್ಯಾನ್ ಯಾರು ಹಾಕಿದ್ದು? ಆಫ್ ಮಾಡಿ."

ಪುರಂದರ ಬೆಚ್ಚಿ ಹಿಂದಕ್ಕೆ ಸರಿದು ಬಕೆಟ್ಟಿನಲ್ಲಿ ಕಾಲಿಟ್ಟ. ಅದು ಅಪ್ಪನ ದನಿ. ಕರೆಂಟು ಸುಮ್ಮನೆ ಉರಿದರೆ ಐತಪ್ಪನವರಿಗೆ ಆಗುತ್ತಿರಲಿಲ್ಲ. ಒಂದು ನಿಮಿಷ ಮೈಯೆಲ್ಲ ಮುಳ್ಳೆದ್ದಿತು. ಆಮೇಲೆ, ಮಾಡಿದವನು ತಾನೇ ಎಂದು ಹೊಳೆದು ಹೆಮ್ಮೆಯಿಂದ ಮೀಸೆ ತೀಡಿಕೊಂಡ. ಮರುದಿನದಿಂದ ಕುವೈತಿನ ಪರಿಸ್ಥಿತಿಗೆ ತಕ್ಕಂತೆ ಮಾತನ್ನು ತಿದ್ದಿದ: "ಏಸಿ ಯಾರು ಹಾಕಿದ್ದು? ಆಫ್ ಮಾಡಿ."

ಬಾತ್‌ರೂಮಿನ ಗಾಳಿ ಹೋಗುವ ಕೊಳವೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಫ್ಲ್ಯಾಟುಗಳಿಗೂ ಒಂದೇ ಎಂಬ ಸಂಗತಿ ಅವನಿಗೆ ಗೊತ್ತಿರಲಿಲ್ಲ.

ಜುಲೈ ತಿಂಗಳು, ಊರಿನಲ್ಲಿ ಆಟಿ. ಹೊರಗೆ ಧೂಳಿನ ಗಾಳಿ ಎದ್ದು, ಹಗಲೇ ಆಕಾಶ ಕಂದು ಬಣ್ಣಕ್ಕೆ ತಿರುಗಿ, ಎದುರಿನ ಸಮುದ್ರ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಮೇಲಿನ ಮನೆಯ ಸುಲೈಖಾ ಬಾಗಿಲು ತಟ್ಟಿದಳು. ಉಳ್ಳಾಲದವಳು, ಧೈರ್ಯದ ಹೆಂಗಸು. ಅವತ್ತು ಮಾತ್ರ ಮುಖದಲ್ಲಿ ರಕ್ತವಿರಲಿಲ್ಲ, ಮೈಯೆಲ್ಲ ಬೆವರಿತ್ತು.

"ಆಶಕ್ಕ, ನಿಮ್ಮ ಮನೆಗೆ ಊರಿಂದ ಅಜ್ಜ ಬಂದಿದ್ದಾರಾ?"

"ಯಾವ ಅಜ್ಜ? ಇಲ್ಲವಲ್ಲ."

"ನಮ್ಮ ಬಾತ್‌ರೂಮಲ್ಲಿ ಮಾತಾಡ್ತಾರೆ. ತುಳು. ಏಸಿ ಆಫ್ ಮಾಡಿ ಅಂತ. ನಾವು ಎರಡು ದಿನದಿಂದ ಆಫ್ ಮಾಡಿಯೇ ಕೂತಿದ್ದೇವೆ. ಮಕ್ಕಳಿಗೆ ಬೆವರುಸಾಲೆ ಎದ್ದಿದೆ. ಇನ್ನು ಹಾಕಬಹುದಾ ಅಂತ ಒಮ್ಮೆ ಕೇಳಿ ಹೇಳಿ ಆಶಕ್ಕ."

ಸೋಫಾದಲ್ಲಿದ್ದ ಪುರಂದರ ಪೇಪರಿನ ಹಿಂದೆ ಮುಖ ಹುದುಗಿಸಿ ನಗು ತಡೆದುಕೊಂಡ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಯಾಕೆ ಕಲಿಯುತ್ತಿದ್ದೀರಿ ಎಂಬ ಪ್ರಶ್ನೆ ಬರುತ್ತದೆ, ಅದರ ಹಿಂದೆ ಜಾಬ್ರಿಯಾ ಬರುತ್ತದೆ, ಅದರ ಹಿಂದೆ ಅಪ್ಪ ಬರುತ್ತಾರೆ. ಅವನು ಪೇಪರಿನ ಪುಟ ತಿರುಗಿಸಿದ. ಸಂಜೆಯೊಳಗೆ ಇಡೀ ಕಟ್ಟಡದ ಏಸಿ ಕೆಟ್ಟು ನಿಂತಿತು. ಯಂತ್ರಕ್ಕೆ ವಯಸ್ಸಾಗಿತ್ತು, ಅಷ್ಟೇ. ಆದರೆ ನಲವತ್ತೆಂಟು ಡಿಗ್ರಿಯಲ್ಲಿ ಮೆಟ್ಟಿಲ ಮೇಲೆ ಬಂದು ಕುಳಿತ ಜನಕ್ಕೆ ಆ ವಿವರಣೆ ಸಾಲಲಿಲ್ಲ. ಅಜ್ಜ ಹೇಳಿದಾಗ ಕೇಳಬೇಕಿತ್ತು ಎಂದೇ ಎಲ್ಲರೂ ಪಿಸುಗುಟ್ಟಿದರು.

ಮರುದಿನ ಹಾರಿಸ್ ಬಂದ. ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ. ಇವನ ಹೆಸರು ಸೈದು, ವಿಟ್ಲ ಕಡೆಯವನು. ಕಟ್ಟಡದಲ್ಲಿ ಒಂದು ಬೆಕ್ಕು ಮರಿ ಹಾಕಿದರೂ ಅವನಿಗೆ ತಿಳಿಯಬೇಕು.

"ಪುರಂದರಣ್ಣ, ನಿಮ್ಮಲ್ಲಿ ಒಬ್ಬರು ಅಜ್ಜ ಇದ್ದಾರಂತಲ್ಲ. ಕುವೈತಿನಲ್ಲಿ ಇರ್ಲಿಕ್ಕೆ ಪರ್ಮಿಟ್ ಬೇಕಲ್ಲ, ಅವರ ಇಕಾಮಾ ತೋರಿಸಿ."

"ಅಜ್ಜ ಇಲ್ಲ ಸೈದು."

"ಇಲ್ಲ ಅಂದ್ರೆ ಹೇಗೆ? ನಾನೇ ಕೇಳಿದ್ದೇನೆ, ಕೆಳಗೆ ನನ್ನ ರೂಮಿಗೂ ಕೇಳ್ತದೆ. ಚೆಕಿಂಗ್ ಬಂದ್ರೆ ಬಿಲ್ಡಿಂಗಿನ ಮುದೀರ್ ನನ್ನನ್ನು ಹಿಡಿಯುವುದು. ವಿಸಿಟ್ ವೀಸಾದಲ್ಲಿ ಬಂದದ್ದಾ?"

ಆಶಾಲತಾ ಒಳಗಿನಿಂದ ನಿಧಾನವಾಗಿ ಬಂದಳು. ಅವಳು ಹೆದರಿದ ಹಾಗೆ ಇರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಬಂದ ಹಾಗಿದ್ದಳು.

"ಸೈದು, ಅವರಿಗೆ ವೀಸಾ ಎಲ್ಲ ಬೇಡ" ಎಂದಳು. "ಅವರು ನನ್ನ ಮಾವ. ತೀರಿಹೋಗಿ ತುಂಬ ವರ್ಷ ಆಯ್ತು. ನಾನು ನಿನ್ನೆಯೇ ದನಿ ಗುರ್ತು ಹಿಡಿದೆ."

ಸೈದು ಒಂದು ಹೆಜ್ಜೆ ಹಿಂದೆ ಸರಿದ. ಸ್ವಲ್ಪ ಯೋಚಿಸಿದ. "ಹಾಗಾದ್ರೆ ಮುದೀರ್‌ಗೆ ನಾನು ಏನಂತ ಹೇಳುವುದು?" ಎಂದು ತನಗೆ ತಾನೇ ಕೇಳಿಕೊಳ್ಳುತ್ತ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಹೋದ.

ಇನ್ನು ಸುಕೇಶನನ್ನು ತಡೆಯುವವರು ಯಾರು? ಅಕ್ಕನ ಮನೆಗೆ ಕುಲೆ ಬಂದಿದೆ ಎಂದು ತಿಳಿದ ಕೂಡಲೆ ಅವನು ಪುತ್ತೂರು ಕಡೆಯ ಜ್ಯೋತಿಷಿಯೊಬ್ಬರನ್ನು ವಿಡಿಯೋ ಕಾಲಿನಲ್ಲಿ ಹಿಡಿದ. ಅವರು ಕವಡೆ ಹಾಕಿ, ಹಿರಿಯರೊಬ್ಬರು ನೀರು ದಾಟಿದ ಲಕ್ಷಣ ಕಾಣುತ್ತದೆ, ಏನನ್ನೋ ಕೇಳಲಿಕ್ಕೆ ಬಂದಿದ್ದಾರೆ, ಆಟಿ ಮುಗಿಯುವುದರೊಳಗೆ ಬಡಿಸಿ ಕೇಳಿ ಎಂದರು. ಸುಕೇಶ ಬಾವನ ಕಡೆ ತಿರುಗಿ, "ಬಾವ, ನೀವು ಇಷ್ಟು ವರ್ಷ ಬಡಿಸದೆ ಇದ್ದದ್ದು. ಈಗ ನೋಡಿ, ಅವರೇ ಹುಡುಕಿಕೊಂಡು ಬಂದ್ರು" ಎಂದ. ಪುರಂದರ ಅಭ್ಯಾಸವನ್ನೇ ನಿಲ್ಲಿಸಿದ. ತಾನು ಬಾಯಿ ಮುಚ್ಚಿದರೆ ಕುಲೆಯೂ ಮುಚ್ಚುತ್ತದೆ, ವಾರದಲ್ಲಿ ಎಲ್ಲರೂ ಮರೆಯುತ್ತಾರೆ ಎಂಬುದು ಅವನ ಲೆಕ್ಕಾಚಾರ.

ಕುಲೆ ಬಾಯಿ ಮುಚ್ಚಲಿಲ್ಲ.

ಅದು ತಿಳಿದದ್ದು ಒಂದು ಮಧ್ಯಾಹ್ನ, ಗಂಡ ಹೆಂಡತಿ ಎದುರು ಬದುರು ಕುಳಿತು ಗಂಜಿ ಉಣ್ಣುವಾಗ. ಏಸಿ ಸರಿಯಾಗಿತ್ತು. ಕಿಟಕಿಯ ಹೊರಗೆ ಧೂಳು ಗಾಜಿಗೆ ಮುಖ ಒತ್ತಿಕೊಂಡು ನಿಂತಿತ್ತು. ಆಶಾಲತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಬಾತ್‌ರೂಮಿನ ಕಡೆ ನೋಡಿದಳು.

"ಕೇಳಿತಾ?"

"ಎಂತ ಕೇಳುವುದು?"

"ಈಗ ಮಾತಾಡಿದ್ರಲ್ಲ ಮಾವ. ನೀವು ಇಲ್ಲೇ ಕೂತಿದ್ದೀರಿ, ನಿಮಗೆ ಕೇಳ್ಲಿಲ್ವಾ?"

"ಹೇಗೆ ಸಾಧ್ಯ? ನನ್ನ ಬಾಯಲ್ಲಿ ಗಂಜಿ ಇತ್ತಲ್ಲ."

"ನಿಮ್ಮ ಬಾಯಿಗೂ ಅದಕ್ಕೂ ಎಂತ ಸಂಬಂಧ?"

ಪುರಂದರ ಊಟ ಬಿಟ್ಟು ಎದ್ದು ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ನಿಂತ. ಕನ್ನಡಿಯಲ್ಲಿದ್ದವನೂ ಬಾಯಿ ಮುಚ್ಚಿ ನಿಂತ. ಇಬ್ಬರೂ ಹಾಗೆ ಒಬ್ಬರನ್ನೊಬ್ಬರು ಕಾಯುತ್ತಿರುವಾಗ, ಸಂದಿಯಿಂದ ಅಪ್ಪ ಸ್ಪಷ್ಟವಾಗಿ ಕೆಮ್ಮಿದರು. "ಏಸಿ ಯಾರು ಹಾಕಿದ್ದು?"

ಕನ್ನಡಿಯವನ ತುಟಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಸಾಮಾನ್ಯ ಮನುಷ್ಯನಾಗಿದ್ದರೆ ಇದು ನಾನಲ್ಲ ಎಂದು ತೀರ್ಮಾನಿಸಿ ಓಡಿಹೋಗಬಹುದಿತ್ತು. ಪುರಂದರನಿಗೆ ಆ ಸೌಲಭ್ಯವೂ ಇರಲಿಲ್ಲ. ಅದೇ ಕನ್ನಡಿಯ ಮುಂದೆ, ಅದೇ ತುಟಿಯನ್ನು ಅಲುಗಿಸದಿರಲು ಅವನು ಜೀವ ತೇದು ಅಭ್ಯಾಸ ಮಾಡಿದ್ದ. ಮಾತನಾಡಿದವನು ತಾನಲ್ಲವಾದರೆ ಮನೆಯಲ್ಲಿ ಕುಲೆಯಿದೆ. ತಾನೇ ಆಗಿದ್ದು, ಆಡಿದ ಮಾತು ಆ ಕ್ಷಣದಲ್ಲೇ ಮರೆತುಹೋಗಿದ್ದರೆ, ಅಪ್ಪನಿಗೆ ಬಂದದ್ದು ತನಗೂ ಬಂದಾಯಿತು. ಮೂರನೆಯ ದಾರಿಯನ್ನು ಅವನು ಬಹಳ ಹುಡುಕಿದ, ಸಿಗಲಿಲ್ಲ. ಹಾಗಾಗಿ, ಕುಲೆಗಳನ್ನು ಜೀವಮಾನವಿಡೀ ಗೇಲಿ ಮಾಡಿದ ಮನುಷ್ಯ ಹೊರಗೆ ಬಂದು ಹೆಂಡತಿಗೆ, "ಆಶಾ, ಶುಕ್ರವಾರವೇ ಬಡಿಸುವ. ಚೆನ್ನಾಗಿಯೇ ಬಡಿಸುವ" ಎಂದ. ಅವನ ದನಿಯಲ್ಲಿದ್ದ ಆಸೆಯನ್ನು ಕಂಡು ಆಶಾಲತಾಳಿಗೇ ಆಶ್ಚರ್ಯವಾಯಿತು.

ಶುಕ್ರವಾರ ಫಹಾಹೀಲಿನ ಅಂಗಡಿಯಿಂದ ಬಾಳೆ ಎಲೆ ಬಂತು. ಆಶಾಲತಾ ಕೋಳಿ ಸುಕ್ಕ, ಬಂಗುಡೆ ಸಾರು, ನೀರುದೋಸೆ, ಕುಚ್ಚಲಕ್ಕಿ ಅನ್ನ ಎಲ್ಲ ಮಾಡಿದಳು. ಹಿರಿಯರಿಗೆ ಕಳ್ಳು ಇಡುವುದು ಪದ್ಧತಿ, ಕುವೈತಿನಲ್ಲಿ ಅದಕ್ಕೆ ಎಲ್ಲಿಗೆ ಹೋಗುವುದು? ಸುಕೇಶ ಬಾರ್ಲಿಯ ತಂಪು ಪಾನೀಯವನ್ನು ಎತ್ತರದಿಂದ ಲೋಟಕ್ಕೆ ಸುರಿದ. "ನೊರೆ ಉಂಟಲ್ಲ ಬಾವ, ಅವರಿಗೆ ಗೊತ್ತಾಗುವುದಿಲ್ಲ" ಎಂದ. ಬಾತ್‌ರೂಮಿಗೆ ತಾಗಿದ ಚಿಕ್ಕ ಕೋಣೆಯಲ್ಲಿ ಎಲೆ ಹಾಕಿ, ಎಲ್ಲ ಬಡಿಸಿ, ದೀಪ ಹಚ್ಚಿ ಬಾಗಿಲು ಮುಚ್ಚಿ ಹೊರಗೆ ನಿಂತರು. ಸುಲೈಖಾ ಹೊಸಿಲ ಬಳಿ ಶಾಲು ಹೊದ್ದು ಕುಳಿತಿದ್ದಳು. ಸೈದುವೂ ಬಂದಿದ್ದ.

"ಉಂಡು ಹೋಗ್ತಾರಾ, ಇಲ್ಲೇ ಇರ್ತಾರಾ?" ಎಂದು ಅವನು ಸುಕೇಶನ ಕಿವಿಯಲ್ಲಿ ಕೇಳಿದ. "ಇರುವುದಾದ್ರೆ ನನಗೆ ಈಗಲೇ ಹೇಳಿ."

ಪುರಂದರ ಅಡುಗೆಮನೆಗೆ ಹೋಗಿ ಬಾಯಿ ತುಂಬ ನೀರು ತುಂಬಿಕೊಂಡು ಬಂದು ನಿಂತ. ಕೆನ್ನೆ ಎರಡೂ ಉಬ್ಬಿದ್ದವು. ಬಾಯಲ್ಲಿ ನೀರಿರುವಾಗ ಯಾವ ವಿದ್ವಾಂಸನೂ ಮಾತನಾಡಲಾರ. ಈಗ ದನಿ ಬಂದರೆ ಅದು ಕುಲೆಯದೇ, ತನಗೆ ಏನೂ ಆಗಿಲ್ಲ. ಬಾವ ಮೌನವ್ರತ ಹಿಡಿದಿದ್ದಾರೆ ಎಂದುಕೊಂಡು ಸುಕೇಶನಿಗೆ ಭಕ್ತಿ ಬಂತು. ಅವನು ಬಾಗಿಲಿಗೆ ಕೈಮುಗಿದು ಕೇಳಿದ:

"ಹಿರಿಯರೇ, ನಮ್ಮಿಂದ ಎಂತ ತಪ್ಪಾಗಿದೆ? ಎಂತ ಬೇಕು ಅಂತ ಬಂದಿದ್ದೀರಿ?"

ಏಸಿಯ ಗುಂಯ್ ಶಬ್ದ ಮಾತ್ರ. ಕಿಟಕಿಯಲ್ಲಿ ಕಂದು ಬೆಳಕು. ಬಾಗಿಲಿನ ಕೆಳಗಿನ ಸಂದಿಯಲ್ಲಿ ದೀಪದ ಬೆಳಕು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಯಿತು, ಯಾರೋ ಅತ್ತಿತ್ತ ನಡೆದ ಹಾಗೆ. ಆಮೇಲೆ ಒಳಗಿನಿಂದ ದನಿ ಬಂತು.

"ನಾನು ಎಂತದಕ್ಕೋ ಬಂದೆ. ಎಂತದಕ್ಕೆ ಅಂತ ಮರೆತುಹೋಯ್ತು."

ಸುಲೈಖಾ ಶಾಲನ್ನು ಮುಖದ ಮೇಲೆ ಎಳೆದುಕೊಂಡಳು. ಸುಕೇಶ ಗಲಿಬಿಲಿಗೊಂಡ. ಕುಲೆ ಕೋಳಿ ಕೇಳಬಹುದು, ಪೂಜೆ ಕೇಳಬಹುದು, ಕೋಪಿಸಿಕೊಳ್ಳಬಹುದು. ಅದಕ್ಕೆಲ್ಲ ಅವನು ಜ್ಯೋತಿಷಿಯಿಂದ ಉತ್ತರ ತಿಳಿದುಕೊಂಡಿದ್ದ. ಕುಲೆಗೇ ಮರೆವು ಬಂದರೆ ಏನು ಮಾಡಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

"ಸ್ವಲ್ಪ ನೆನಪು ಮಾಡಿಕೊಳ್ಳಿ" ಎಂದ, ಅರ್ಜಿ ಹಿಡಿದು ಬಂದವರಿಗೆ ಗುಮಾಸ್ತ ಹೇಳುವ ಹಾಗೆ.

"ಆಗುವುದಿಲ್ಲ. ನೀವೆಲ್ಲ ಯಾರು? ಇದು ಯಾರ ಮನೆ?"

ಪುರಂದರ ಆ ಪ್ರಶ್ನೆಯನ್ನು ಕೇಳಿದ. ಅಂಗಳದಲ್ಲಿ ಸೂಟ್‌ಕೇಸ್ ಹಿಡಿದು ನಿಂತಾಗ ಅವನಿಗೆ ಉತ್ತರ ಕೊಡಲು ಆಗಿರಲಿಲ್ಲ. ಈಗ ಅವನು ಎಲ್ಲರನ್ನೂ ಸರಿಸಿ ಬಾಗಿಲ ಹತ್ತಿರ ಹೋದ.

"ಅಪ್ಪ, ನಾನು ಪುರಂದರ" ಎಂದ. "ನಿಮ್ಮ ಮಗ. ಅಮ್ಮನ ಹೆಸರು ಸೀತಮ್ಮ. ನೀವು ಹಂಚಿನ ಕಾರ್ಖಾನೆಯಿಂದ ಬರುವಾಗ ಮೈಯೆಲ್ಲ ಕೆಂಪು ಮಣ್ಣು ಇರ್ತಿತ್ತು, ಅಮ್ಮ ಬಾವಿಕಟ್ಟೆಯಲ್ಲೇ ನೀರು ಹೊಯ್ತಿದ್ರು. ಮೊದಲ ಸಲ ನಾನು ಕುವೈತಿಗೆ ಹೊರಡುವಾಗ ನೀವು ಬಸ್ ಸ್ಟ್ಯಾಂಡಿಗೆ ಬಂದು, ಬಸ್ಸು ಹೊರಟರೂ ಕಿಟಕಿ ಬಿಡಲಿಲ್ಲ. ಕಂಡಕ್ಟರ್ ಬೈದ. ಇವಳು ಆಶಾಲತಾ, ನೀವೇ ನೋಡಿ ಒಪ್ಪಿದ ಹುಡುಗಿ. ಇದು ಫಿಂಟಾಸ್, ಅಪ್ಪ. ನಮ್ಮ ಮನೆ."

ಹೇಳುತ್ತ ಹೋದಂತೆ ಎಲ್ಲವೂ ಒಂದರ ಹಿಂದೆ ಒಂದು, ಗೋಡೌನಿನ ಡಬ್ಬಿಗಳಂತೆ ತಮ್ಮ ತಮ್ಮ ಜಾಗದಲ್ಲೇ ಸಿಕ್ಕಿದವು. ಅವನಿಗೆ ಅಳು ಬಂತು. ಒಳಗಿನಿಂದ ದನಿ ಬಂತು, ಬಹಳ ಮರ್ಯಾದೆಯಿಂದ, ಅಪರಿಚಿತರೊಡನೆ ಮಾತನಾಡುವ ಹಾಗೆ.

"ನನ್ನ ಮಗನ ಹೆಸರೂ ಪುರಂದರನೇ. ಕುವೈತಿನಲ್ಲಿ ಇದ್ದಾನೆ. ಅವನಿಗೆ ಎಲ್ಲ ನೆನಪಿರ್ತದೆ, ನನ್ನ ಹಾಗಲ್ಲ. ಕಂಡರೆ ಬರ್ಲಿಕ್ಕೆ ಹೇಳಿ. ಒಬ್ಬನೇ ಉಣ್ಲಿಕ್ಕೆ ಆಗುವುದಿಲ್ಲ."

ಮತ್ತೆ ಏನೂ ಕೇಳಲಿಲ್ಲ. ಸೈದು ಎಂದೋ ಮಾಯವಾಗಿದ್ದ. ಸುಲೈಖಾ ಗೋಡೆ ಹಿಡಿದು ಎದ್ದು, "ಪಾಪ ಅಜ್ಜ" ಎಂದು ಕಣ್ಣೊರೆಸಿಕೊಳ್ಳುತ್ತ ಹೋದಳು. ಸುಕೇಶ ಇಡೀ ಸಂಗತಿಯನ್ನು ಫೋನಿನಲ್ಲಿ ಹಿಡಿದಿದ್ದ. ಅದನ್ನು ಮತ್ತೆ ಹಾಕಿ ನೋಡಿ, "ಬಾವನ ತುಟಿ ನೋಡಿ ಅಕ್ಕ, ಒಳಗೆ ಮಾತಾಡುವಾಗ ಅಲ್ಲಾಡುವುದೇ ಇಲ್ಲ. ಇನ್ನು ಯಾರಿಗಾದ್ರೂ ಸಂಶಯ ಉಂಟಾ?" ಎಂದು ಎದೆಯುಬ್ಬಿಸಿಕೊಂಡು ಊರಿಗೆ ಫೋನ್ ಮಾಡಲು ಬಾಲ್ಕನಿಗೆ ಓಡಿದ.

ಪುರಂದರ ಮಾತ್ರ ಬಾಗಿಲ ಮುಂದೆ ನಿಂತೇ ಇದ್ದ. ಅವನ ಬಾಯಿ ಒಣಗಿತ್ತು. ನೀರು ಎಲ್ಲಿ ಹೋಯಿತು? ಉಗುಳಿದ್ದರೆ ನೆಲ ಒದ್ದೆಯಾಗಬೇಕಿತ್ತು, ಆಗಿರಲಿಲ್ಲ. ನುಂಗಿದ್ದರೆ ಯಾವಾಗ? ಮೊದಲ ದನಿ ಬರುವುದಕ್ಕಿಂತ ಮುಂಚೆಯೋ, ಆಮೇಲೋ? ಎಷ್ಟು ಯೋಚಿಸಿದರೂ ಆ ಒಂದು ಗುಟುಕು ಮಾತ್ರ ಅವನ ನೆನಪಿನಲ್ಲಿ ಎಲ್ಲೂ ಇರಲಿಲ್ಲ.

ಆಶಾಲತಾ ಹತ್ತಿರ ಬಂದಳು. ತಗ್ಗಿದ ದನಿಯಲ್ಲಿ ಕೇಳಿದಳು.

"ನೀವಾ?"

ಅವಳಿಗೆ ಯಾವಾಗಿನಿಂದ ಅನುಮಾನವಿತ್ತೋ ಅವನಿಗೆ ತಿಳಿಯದು. ಇಲ್ಲ ಎನ್ನಲು ಹೊರಟ, ಹೌದು ಎನ್ನಲು ಹೊರಟ. ಎರಡೂ ಸುಳ್ಳಾಗಬಹುದಿತ್ತು.

"ಗೊತ್ತಿಲ್ಲ ಆಶಾ" ಎಂದ. ಹೇಳಿದ್ದೇ ತಡ, ಕಟ್ಟಿಟ್ಟಿದ್ದೆಲ್ಲ ಬಿಚ್ಚಿಕೊಂಡಿತು. ಜಾಬ್ರಿಯಾದ ಡಾಕ್ಟರಮ್ಮ, ಮರೆತ ಪದಗಳು, ಗೊಂಬೆಯ ಮುದುಕ, ಕನ್ನಡಿ, ಎಲ್ಲವನ್ನೂ ಬಾಗಿಲ ಮುಂದೆ ನಿಂತುಕೊಂಡೇ ಹೇಳಿದ. ಮುಗಿದ ಮೇಲೆ ಅವಳು ಸೆರಗಿನಿಂದ ಅವನ ಮುಖ ಒರೆಸಿದಳು. ಬಾಗಿಲು ತೆರೆದು ಒಳಗೆ ಹೋಗಿ, ಮಾವನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದಳು.

"ಬನ್ನಿ, ಕೂತುಕೊಳ್ಳಿ. ಕರೆದದ್ದು ಯಾರಾದ್ರೇನು, ಕರೆದದ್ದು ನಿಮ್ಮನ್ನೇ."

ಪುರಂದರ ಚಕ್ಕಳಮಕ್ಕಳ ಹಾಕಿ ಕುಳಿತ. ಪಕ್ಕದ ಎಲೆಯ ಮುಂದೆ ಯಾರೂ ಇರಲಿಲ್ಲ, ಆದರೂ ಅವನು ಮೊಣಕೈ ತಾಗದ ಹಾಗೆ ಸ್ವಲ್ಪ ಜಾಗ ಬಿಟ್ಟುಕೊಂಡ. ಆಶಾಲತಾ ಅನ್ನದ ಪಾತ್ರೆ ತಂದು ಅವನ ಮುಂದೆ ಬಾಗಿ, ಸೌಟು ಎತ್ತಿ ಹಿಡಿದು, ಬಡಿಸದೆ ನಿಂತಳು.

"ನಾನು ಯಾರು, ಹೇಳಿ ನೋಡುವ."

"ಆಶಾಲತಾ."

"ಸರಿ" ಎಂದು ಅವಳು ಅನ್ನ ಬಡಿಸಿದಳು. "ನಾಳೆಯೂ ಕೇಳ್ತೇನೆ."